ಪಾಲಿಕೆಯ ಟೆಂಡರು: ಜನರ ನಂಬಿಕೆ, ಕಡತದ ಸತ್ಯ

ಥಾಣೆ ಮಹಾನಗರಪಾಲಿಕೆ ಹುಟ್ಟಿದ್ದು 1982ರಲ್ಲಿ, ಕಲ್ಯಾಣ್-ಡೊಂಬಿವಲಿಯದು 1983ರಲ್ಲಿ. ನವಿ ಮುಂಬಯಿ ಪಾಲಿಕೆ 1992ರ ಜನವರಿಯಲ್ಲಿ ಕೆಲಸ ಆರಂಭಿಸಿತು. ಮೂರೂ ನಡೆಯುವುದು 1949ರ ಒಂದೇ ಕಾಯಿದೆಯ ಮೇಲೆ. ಮುಂಬಯಿ ಪ್ರಾಂತೀಯ ಮಹಾನಗರಪಾಲಿಕೆ ಕಾಯಿದೆ ಎಂದಿದ್ದ ಅದರ ಹೆಸರು ಈಗ ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯಿದೆ. ಕಳವಾ ಆಸ್ಪತ್ರೆಯ ಔಷಧ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆಯ ಹಾಸಿಗೆ, ಪಾಲಿಕೆ ಶಾಲೆಯ ಬೆಂಚು, ಮಳೆಗಾಲಕ್ಕೆ ಮುಂಚಿನ ನಾಲೆಯ ಹೂಳು, ಬೀದಿದೀಪ, ಕಸದ ಗಾಡಿ ಎಲ್ಲವೂ ಈ ಕಾಯಿದೆಯ ಖರೀದಿ ನಿಯಮಗಳಡಿಯಲ್ಲೇ ಬರುತ್ತವೆ. ಆ ನಿಯಮಗಳನ್ನು ನಡೆಸುವ ನೌಕರರ ಕೆಲಸದ ಬಗ್ಗೆ ಊರಿನಲ್ಲಿ ಹರಡಿರುವ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು. ಅವನ್ನು ನಂಬಿ ನಷ್ಟಪಡುವವರಲ್ಲಿ ಸಣ್ಣ ವ್ಯಾಪಾರಿಗಳೂ ಇದ್ದಾರೆ, ಸಾಮಾನ್ಯ ನಾಗರಿಕರೂ ಇದ್ದಾರೆ.

“ಕರ್ನಾಟಕದಲ್ಲಿ ಇದ್ದಂತೆ ಇಲ್ಲಿಯೂ”

ಕರ್ನಾಟಕದಲ್ಲಿ ಗುತ್ತಿಗೆ ಮಾಡಿ ಅನುಭವವಿದ್ದು ಇಲ್ಲಿಗೆ ಬರುವವರು ಮೊದಲು ಎಡವುವುದು ಈ ನಂಬಿಕೆಯಲ್ಲಿ. ಕರ್ನಾಟಕದಲ್ಲಿ ಸರ್ಕಾರಿ ಖರೀದಿಗೆಂದೇ 1999ರ ಪಾರದರ್ಶಕತೆ ಕಾಯಿದೆ ಇದೆ. ಎಲ್ಲರ ಬಾಯಲ್ಲಿ ಅದು ಕೆಟಿಪಿಪಿ. ಯಾವ ಕೆಲಸಕ್ಕೆ ಟೆಂಡರಿನಿಂದ ವಿನಾಯಿತಿ, ಯಾರಿಗೆ ಮೇಲ್ಮನವಿ ಎಂಬುದೆಲ್ಲ ಅದರಲ್ಲೇ ಸಿಗುತ್ತದೆ. ಮಹಾರಾಷ್ಟ್ರದಲ್ಲಿ ಅಂಥ ಪ್ರತ್ಯೇಕ ಕಾಯಿದೆ ಇಲ್ಲ. ಪಾಲಿಕೆಯ ಕಾಯಿದೆ, ಅದರ ಅನುಸೂಚಿಯ ನಿಯಮಗಳು, ರಾಜ್ಯ ಸರ್ಕಾರ ಕಾಲಕಾಲಕ್ಕೆ ಹೊರಡಿಸುವ ಶಾಸನ ನಿರ್ಣಯಗಳು ಅಂದರೆ ‘ಜಿ.ಆರ್.’ಗಳು, ಈ ಮೂರನ್ನೂ ಒಟ್ಟಿಗಿಟ್ಟು ಓದಬೇಕು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳನ್ನು ಉಲ್ಲೇಖಿಸಿ ಪಾಲಿಕೆಯೊಂದಿಗೆ ವಾದಕ್ಕೆ ನಿಲ್ಲುವವರೂ ಇದ್ದಾರೆ. ಆ ನಿಯಮಗಳು ಕೇಂದ್ರ ಸರ್ಕಾರದ ಇಲಾಖೆಗಳಿಗೆ ಬರೆದವು, ಪಾಲಿಕೆಯನ್ನು ಅವು ತಾವಾಗಿ ಕಟ್ಟುವುದಿಲ್ಲ.

“ಊರಿನ ಕೆಲಸವೆಲ್ಲ ಪಾಲಿಕೆಯದೇ”

ಥಾಣೆ-ಭಿವಂಡಿ-ಕಲ್ಯಾಣ್ ಮೆಟ್ರೋ ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಅಂದರೆ ಎಂಎಂಆರ್‌ಡಿಎಯ ಕೆಲಸ. ಕಲ್ಯಾಣದ ಪತ್ರಿಪುಲ್ ಅನ್ನು 2018ರಲ್ಲಿ ಕೆಡವಿದ ಮೇಲೆ ಹೊಸ ಸೇತುವೆ ಕಟ್ಟಿಸಿದ್ದು ರಾಜ್ಯ ರಸ್ತೆ ಅಭಿವೃದ್ಧಿ ನಿಗಮ. 2021ರ ಜನವರಿಯಲ್ಲಿ ಅದು ಸಂಚಾರಕ್ಕೆ ತೆರೆಯಿತು. ನವಿ ಮುಂಬಯಿಯನ್ನು ಕಟ್ಟಿದ ಸಿಡ್ಕೋ ಈಗಲೂ ತನ್ನ ಟೆಂಡರುಗಳನ್ನು ತಾನೇ ಕರೆಯುತ್ತದೆ, ಕೈಗಾರಿಕಾ ವಲಯಗಳಲ್ಲಿ ರಾಜ್ಯ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ) ಕರೆಯುತ್ತದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಥಾಣೆ ಮತ್ತು ಕಲ್ಯಾಣ್-ಡೊಂಬಿವಲಿಗಳಲ್ಲಿ ಆ ಯೋಜನೆಗೆಂದೇ ಬೇರೆ ಕಂಪನಿಗಳು ಸ್ಥಾಪನೆಯಾದವು. ಕೆಲಸ ಯಾರದು ಎಂದು ತಿಳಿಯದೆ ಕೊಟ್ಟ ಅರ್ಜಿ ತಪ್ಪು ಮೇಜಿನ ಮೇಲೆ ತಿಂಗಳುಗಟ್ಟಲೆ ಕೂರುತ್ತದೆ.

“ಕಡಿಮೆ ದರ ಬರೆದವನಿಗೇ ಕೆಲಸ”

ಇದರಷ್ಟು ಗಟ್ಟಿಯಾಗಿ ಬೇರೂರಿದ ನಂಬಿಕೆ ಇನ್ನೊಂದಿಲ್ಲ. ಕಾಯಿದೆಯ ಅನುಸೂಚಿ ‘ಡಿ’ಯ ಐದನೆಯ ಅಧ್ಯಾಯ ಹೇಳುವುದೇ ಬೇರೆ. ಬಂದ ಟೆಂಡರುಗಳಲ್ಲಿ ಯಾವುದನ್ನೂ ಒಪ್ಪಲೇಬೇಕೆಂಬ ಕಟ್ಟು ಆಯುಕ್ತರಿಗಿಲ್ಲ. ಎಲ್ಲ ಸಂಗತಿಗಳನ್ನೂ ನೋಡಿ ಪಾಲಿಕೆಗೆ ಅತ್ಯಂತ ಅನುಕೂಲಕರ ಎನಿಸಿದ್ದನ್ನು ಒಪ್ಪಬಹುದು, ಎಲ್ಲವನ್ನೂ ತಿರಸ್ಕರಿಸಲೂಬಹುದು.

ನಡೆಯುವ ಕ್ರಮ ಹೀಗಿದೆ. ಬಿಡ್ಡಿನಲ್ಲಿ ಎರಡು ಲಕೋಟೆ. ಮೊದಲನೆಯದರಲ್ಲಿ ಅರ್ಹತೆಯ ಕಾಗದಗಳು: ನೋಂದಣಿ, ಹಿಂದೆ ಮಾಡಿದ ಕೆಲಸಗಳ ಪ್ರಮಾಣಪತ್ರ, ವಹಿವಾಟಿನ ಲೆಕ್ಕ, ಇಎಂಡಿ ಅಂದರೆ ಬಿಡ್ಡಿನೊಂದಿಗೆ ಇಡುವ ಠೇವಣಿ ಕಟ್ಟಿದ ರಸೀದಿ. ಎರಡನೆಯದರಲ್ಲಿ ದರ. ಮೊದಲ ಲಕೋಟೆಯಲ್ಲಿ ಸೋತವರ ಎರಡನೆಯ ಲಕೋಟೆ ತೆರೆಯುವುದೇ ಇಲ್ಲ. ಆದ್ದರಿಂದ ‘ನಾನು ಎಲ್ಲರಿಗಿಂತ ಕಡಿಮೆ ಬರೆದಿದ್ದೆ’ ಎಂಬ ದೂರಿಗೆ ಹಲವು ಸಲ ಅರ್ಥವೇ ಇರುವುದಿಲ್ಲ. ಆ ದರ ಯಾರ ಕಣ್ಣಿಗೂ ಬಿದ್ದಿಲ್ಲ. ಅಂದಾಜಿಗಿಂತ ತೀರ ಕೆಳಗೆ ದರ ಹಾಕಿದವರಿಂದ ಹೆಚ್ಚುವರಿ ಭದ್ರತಾ ಠೇವಣಿ ಕೇಳುವ ಪದ್ಧತಿಯೂ ರಾಜ್ಯದಲ್ಲಿದೆ. ಅರ್ಧ ದರಕ್ಕೆ ರಸ್ತೆ ಮಾಡುತ್ತೇನೆಂದವನು ಅರ್ಧ ದಪ್ಪದ ರಸ್ತೆ ಮಾಡಿಹೋದರೆ ಅನುಭವಿಸುವವರು ಆ ರಸ್ತೆಯಲ್ಲಿ ಓಡಾಡುವವರು.

ಹಾಗೆಂದು ಅರ್ಹತೆಯ ಷರತ್ತನ್ನು ಮನಸ್ಸಿಗೆ ಬಂದಂತೆ ಬರೆಯುವಂತಿಲ್ಲ. 1994ರ ಟಾಟಾ ಸೆಲ್ಯುಲರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು: ನ್ಯಾಯಾಲಯ ಮೇಲ್ಮನವಿಯ ಪೀಠದಂತೆ ಕೂತು ಯಾರಿಗೆ ಗುತ್ತಿಗೆ ಎಂದು ತೀರ್ಮಾನಿಸುವುದಿಲ್ಲ, ತೀರ್ಮಾನಕ್ಕೆ ಬಂದ ದಾರಿ ಸರಿಯಿತ್ತೇ ಎಂದು ನೋಡುತ್ತದೆ. ಕರ್ನಾಟಕದ ಕೆಎಸ್‌ಆರ್‌ಟಿಸಿ ಟೈರು ಖರೀದಿಗೆ ಹಾಕಿದ ಅರ್ಹತೆಯ ಷರತ್ತುಗಳ ವಿವಾದ 2012ರಲ್ಲಿ ಅದೇ ನ್ಯಾಯಾಲಯಕ್ಕೆ ಹೋದಾಗ ಷರತ್ತುಗಳು ಉಳಿದವು. ಬಸ್ಸಿನ ಟೈರು ಪ್ರಯಾಣಿಕರ ಜೀವದ ಪ್ರಶ್ನೆಯಾದ್ದರಿಂದ ಅನುಭವ ಕೇಳುವುದು ಮನಸೋ ಇಚ್ಛೆಯಲ್ಲ. ಷರತ್ತು ಕೆಲಸಕ್ಕೆ ಹೊಂದಬೇಕು, ಒಬ್ಬ ವ್ಯಾಪಾರಿಯ ಮೈಗೆ ಹೊಲಿದ ಅಂಗಿಯಂತಿರಬಾರದು.

“ಆಯುಕ್ತರು ಮನಸ್ಸು ಮಾಡಿದರೆ ಸಾಕು”

ಗುತ್ತಿಗೆಗೆ ಸಹಿ ಹಾಕುವವರು ಆಯುಕ್ತರೇ. ಆದರೆ ಕಾಯಿದೆಯ 73ನೆಯ ಕಲಮಿನ ಪ್ರಕಾರ ನಿಗದಿತ ಮೊತ್ತಕ್ಕಿಂತ ದೊಡ್ಡ ಗುತ್ತಿಗೆಗೆ 16 ಸದಸ್ಯರ ಸ್ಥಾಯೀ ಸಮಿತಿಯ ಪೂರ್ವಾನುಮತಿ ಬೇಕು. ಅದಕ್ಕೂ ಮುಂಚೆ ಕಡತಕ್ಕೆ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಿ, ಆಡಳಿತ ಮಂಜೂರಿ, ಬಜೆಟ್ಟಿನಲ್ಲಿ ಹಣವಿದೆ ಎಂಬ ಲೆಕ್ಕ ವಿಭಾಗದ ಷರಾ ಎಲ್ಲ ಸೇರಬೇಕು. ನಗರಸೇವಕರು ಅಂದರೆ ಪಾಲಿಕೆಯ ಚುನಾಯಿತ ಸದಸ್ಯರು ಕೆಲಸ ಕೊಡಿಸುತ್ತಾರೆ ಎಂಬ ಮಾತಿಗೆ ಕಾಯಿದೆಯಲ್ಲಿ ಆಧಾರವಿಲ್ಲ. ಪಾಲಿಕೆಯ ಗುತ್ತಿಗೆಯಲ್ಲಿ ನೇರವಾಗಿಯೋ ಪಾಲುದಾರರ ಮೂಲಕವೋ ಹಿತಾಸಕ್ತಿ ಇಟ್ಟುಕೊಂಡ ನಗರಸೇವಕರು ಸದಸ್ಯತ್ವಕ್ಕೇ ಅನರ್ಹರಾಗುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ಚುನಾಯಿತ ಸಭೆಯ ಅವಧಿ ನವಿ ಮುಂಬಯಿ ಮತ್ತು ಕಲ್ಯಾಣ್-ಡೊಂಬಿವಲಿಗಳಲ್ಲಿ 2020ರಲ್ಲಿ, ಥಾಣೆಯಲ್ಲಿ 2022ರಲ್ಲಿ ಮುಗಿಯಿತು. ಹೊಸ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ನಡುವಿನ ವರ್ಷಗಳಲ್ಲಿ ಆಯುಕ್ತರೇ ಪ್ರಶಾಸಕರು. ಪ್ರಸ್ತಾವ ಕಳಿಸುವ ಕೈಯೇ ಅದನ್ನು ಮಂಜೂರು ಮಾಡುವ ಕೈಯೂ ಆಗಿತ್ತು. ಕಾನೂನು ಅದಕ್ಕೆ ಅವಕಾಶ ಕೊಡುತ್ತದೆ ನಿಜ. ಆದರೂ ಪ್ರಶ್ನೆ ಕೇಳುವ 16 ಜನರ ಕುರ್ಚಿ ಅಷ್ಟು ಕಾಲ ಖಾಲಿಯಿದ್ದದ್ದು ಈ ಊರುಗಳಿಗೆ ಆದ ನಷ್ಟವೇ.

“ತುರ್ತು ಎಂದು ಬರೆದರೆ ಟೆಂಡರು ಬೇಡ”

ಮೂರೂ ಪಾಲಿಕೆಗಳ ಕಚೇರಿಗಳಲ್ಲಿ ‘ಪಾಚ್-ದೋನ್-ದೋನ್’ ಎಂಬ ಮಾತು ಕೇಳಿಬರುತ್ತದೆ. ಐದನೆಯ ಅಧ್ಯಾಯ, ಎರಡನೆಯ ನಿಯಮ, ಎರಡನೆಯ ಉಪನಿಯಮ ಎಂದು ಅದರ ಅರ್ಥ. ಟೆಂಡರು ಕರೆಯದೆ ಗುತ್ತಿಗೆ ಕೊಡಲು ಇರುವ ಕಿರುದಾರಿ ಅದೇ. ಆದರೆ ಆ ದಾರಿಯ ಬಾಗಿಲಿಗೆ ಎರಡು ಅಗುಳಿಗಳಿವೆ. ಸ್ಥಾಯೀ ಸಮಿತಿ ಅಧಿಕಾರ ಕೊಡಬೇಕು, ಕಾರಣ ಅದರ ನಡಾವಳಿಯಲ್ಲಿ ದಾಖಲಾಗಬೇಕು. ಪ್ರವಾಹ, ಕಟ್ಟಡ ಕುಸಿತ, ಸಾಂಕ್ರಾಮಿಕದಂಥ ಹೊತ್ತಿನಲ್ಲಿ ತಕ್ಷಣ ಕ್ರಮ ಕೈಗೊಳ್ಳಲು 67ನೆಯ ಕಲಮು ಆಯುಕ್ತರಿಗೆ ಅಧಿಕಾರ ಕೊಡುತ್ತದೆ, ಆದರೆ ಆಮೇಲೆ ವರದಿ ಒಪ್ಪಿಸಬೇಕು. ಪ್ರತಿ ವರ್ಷ ಜೂನಿನಲ್ಲಿ ಮಳೆ ಬರುತ್ತದೆಂದು ಎಲ್ಲರಿಗೂ ಗೊತ್ತು. ಮೇ ತಿಂಗಳ ಕೊನೆಗೆ ನಾಲೆಯ ಹೂಳನ್ನು ‘ತುರ್ತು’ ಎಂದು ಬರೆದರೆ ಅದು ತುರ್ತಲ್ಲ, ಫೆಬ್ರವರಿಯಲ್ಲಿ ಮಾಡಬೇಕಿದ್ದ ಕೆಲಸವನ್ನು ಮಾಡದ್ದು.

ಟೆಂಡರಿನ ಮಿತಿಯನ್ನು ತಪ್ಪಿಸಲು ಒಂದು ಕೆಲಸವನ್ನು ತುಂಡು ತುಂಡು ಮಾಡುವುದೂ ನಿಷಿದ್ಧ. ಒಂದೇ ಶಾಲೆಯ ಬೆಂಚುಗಳನ್ನು ತರಗತಿಗೊಂದು ಕಡತ ಮಾಡಿ ಕೊಂಡರೆ ಲೆಕ್ಕಪರಿಶೋಧಕರ ಕಣ್ಣು ಮೊದಲು ಬೀಳುವುದು ಅಲ್ಲಿಗೇ.

“ದರ ಮೊದಲೇ ಸೋರಿಹೋಗುತ್ತದೆ”

ಕಾಗದದ ಲಕೋಟೆಯ ಕಾಲದಲ್ಲಿ ಈ ಅನುಮಾನಕ್ಕೆ ನೆಲೆಯಿತ್ತು. ಈಗ ಬಿಡ್ ಸಲ್ಲಿಕೆ ರಾಜ್ಯದ ಮಹಾಟೆಂಡರ್ಸ್ ತಾಣದಲ್ಲಿ. ವ್ಯಾಪಾರಿಯ ದರ ಗೂಢಲಿಪಿಯಾಗಿ ಸರ್ವರಿನಲ್ಲಿ ಕೂರುತ್ತದೆ. ತೆರೆಯಲು ಮೊದಲೇ ಹೆಸರಿಸಿದ ಅಧಿಕಾರಿಗಳಲ್ಲಿ ಸಾಮಾನ್ಯವಾಗಿ ಇಬ್ಬರು ತಮ್ಮ ತಮ್ಮ ಡಿಜಿಟಲ್ ಸಹಿಯ ಟೋಕನ್ ಸಿಕ್ಕಿಸಿ ಗುಪ್ತಪದ ಒತ್ತಬೇಕು. ನಿಗದಿತ ವೇಳೆಗೆ ಮುಂಚೆ ಇಬ್ಬರೂ ಸೇರಿ ಒತ್ತಿದರೂ ತೆರೆಯದು. ಸಲ್ಲಿಕೆಯ ಗಡುವನ್ನು ಕಾಯುವುದು ಸರ್ವರಿನ ಗಡಿಯಾರ, ಕಚೇರಿಯ ಗೋಡೆಯದಲ್ಲ. ಸಣ್ಣ ವ್ಯಾಪಾರಿಗಳು ಸೋಲುವುದು ಸೋರಿಕೆಯಿಂದಲ್ಲ, ಕಡೆಯ ಹತ್ತು ನಿಮಿಷದಲ್ಲಿ ಕಾಗದ ಏರಿಸಲು ಕೂತದ್ದರಿಂದ, ಇಲ್ಲವೇ ದರ ತುಂಬುವ ಎಕ್ಸೆಲ್ ಹಾಳೆಯ ಹೆಸರು ಬದಲಿಸಿದ್ದರಿಂದ. ವ್ಯಾಪಾರಿಗಳು ತಮ್ಮೊಳಗೇ ಕೂಡಿ ದರ ಹಂಚಿಕೊಳ್ಳುವ ಕೂಟವನ್ನು ಯಾವ ತಾಣವೂ ತಡೆಯಲಾರದು. ಅದು ಬೇರೆಯೇ ರೋಗ, ಸ್ಪರ್ಧಾ ಕಾಯಿದೆಯಡಿ ನಿಷಿದ್ಧ.

“ಟೆಂಡರು ತೆರೆದ ದಿನ ಎಲ್ಲ ತೀರ್ಮಾನವಾಯಿತು”

ಪತ್ರಿಕೆಗಳ ಗಮನ, ಪ್ರತಿಸ್ಪರ್ಧಿಗಳ ಗಮನ ಎಲ್ಲ ಆ ಒಂದು ದಿನದ ಮೇಲೆ. ಪಾಲಿಕೆಯ ಹಣ ಉಳಿಯುವುದೋ ಹಾಳಾಗುವುದೋ ನಿಶ್ಚಯವಾಗುವುದು ಅದಕ್ಕೆ ಮುಂಚೆ ಒಮ್ಮೆ, ಅದರ ನಂತರ ಒಮ್ಮೆ.

ಮುಂಚೆ ಎಂದರೆ ವಸ್ತುವಿನ ವಿವರಣೆ ಬರೆಯುವಾಗ. ‘ಗಟ್ಟಿಮುಟ್ಟಾದ ಬೆಂಚು’ ಎಂದು ಬರೆದರೆ ಬರುವುದು ಮರುವರ್ಷ ಕಾಲು ಮುರಿಯುವ ಬೆಂಚು, ಆಗ ಕೇಳುವ ಹಕ್ಕೂ ಇರುವುದಿಲ್ಲ. ಕೊಳವೆಯ ಉಕ್ಕು ಎಷ್ಟು ಮಿಲಿಮೀಟರ್ ದಪ್ಪ, ಹಲಗೆ ಯಾವ ದರ್ಜೆಯದು, ಯಾವ ಐಎಸ್ ಮಾನಕ, ಬೆಸುಗೆ ಎಲ್ಲೆಲ್ಲಿ, ಎತ್ತರ ಯಾವ ತರಗತಿಯ ಮಕ್ಕಳಿಗೆ ಎಂದು ಬರೆದಾಗ ಮಾತ್ರ ಬಂದ ಸರಕನ್ನು ಹಿಂದಕ್ಕೆ ಕಳಿಸಬಹುದು. ಒಂದು ಕಂಪನಿಯ ಮಾಡೆಲ್ ಅನ್ನೇ ನಕಲು ಮಾಡಿ ವಿವರಣೆ ಬರೆದರೆ ಸ್ಪರ್ಧೆ ಅಲ್ಲಿಗೇ ಸತ್ತಿತು. ಲಕೋಟೆ ಎಷ್ಟು ಪ್ರಾಮಾಣಿಕವಾಗಿ ತೆರೆದರೂ ಆಮೇಲೆ ಪ್ರಯೋಜನವಿಲ್ಲ.

ನಂತರ ಎಂದರೆ ಅಳತೆ ಪುಸ್ತಕ, ಎಲ್ಲರ ಮಾತಿನ ‘ಎಂ.ಬಿ.’. ಪುಟಸಂಖ್ಯೆ ಮೊದಲೇ ಅಚ್ಚಾದ ಗಟ್ಟಿ ರಟ್ಟಿನ ಪುಸ್ತಕ. ಕಿರಿಯ ಅಭಿಯಂತರು ಸ್ಥಳಕ್ಕೆ ಹೋಗಿ ಉದ್ದ, ಅಗಲ, ಆಳ ಬರೆಯುತ್ತಾರೆ. ತಪ್ಪಾದರೆ ಅಳಿಸುವಂತಿಲ್ಲ, ಓದಲು ಬರುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಮೇಲಧಿಕಾರಿ ಅದರಲ್ಲಿ ಒಂದು ಪಾಲನ್ನು ತಾವೇ ಅಳೆದು ನೋಡಬೇಕು. ಗುತ್ತಿಗೆದಾರನ ಬಿಲ್ಲು ಹುಟ್ಟುವುದೇ ಈ ಪುಟದಿಂದ. ರಸ್ತೆಯ ಡಾಂಬರು 50 ಮಿಲಿಮೀಟರ್ ಎಂದು ಪುಸ್ತಕ ಹೇಳಿ, ಕೊರೆದು ತೆಗೆದ ತುಣುಕು 30 ಎಂದು ಹೇಳಿದರೆ ವಂಚನೆ ಆಗಿರುವುದು ಟೆಂಡರಿನಲ್ಲಲ್ಲ, ಆ ಪುಟದಲ್ಲಿ. ಹೂಳಿನ ಕೆಲಸದಲ್ಲಂತೂ ಅಳತೆ ಇನ್ನೂ ಕಷ್ಟ. ಎತ್ತಿದ ಹೂಳು ಹೋದ ಮೇಲೆ, ಒಂದು ಮಳೆ ಬಿದ್ದ ಮೇಲೆ, ಎಷ್ಟು ಎತ್ತಿದರೆಂದು ನಾಲೆ ಹೇಳುವುದಿಲ್ಲ. ಅದಕ್ಕೇ ಲಾರಿಯ ತೂಕದ ಚೀಟಿ, ಕೆಲಸಕ್ಕೆ ಮುಂಚಿನ ಮತ್ತು ನಂತರದ ಚಿತ್ರ ಕಡತದಲ್ಲಿರಬೇಕು.

“ಇಎಂಡಿ ಕಟ್ಟಿದರೆ ಹೋದಂತೆ, ಬಿಲ್ಲು ಬರುವುದು ದೇವರ ದಯೆ”

ಇಎಂಡಿಗೆ ಮರಾಠಿಯಲ್ಲಿ ‘ಅನಾಮತ್’ ಎನ್ನುತ್ತಾರೆ. ಸೋತವರಿಗೆ ಅದು ಮರಳಿ ಬರುತ್ತದೆ. ಮುಟ್ಟುಗೋಲಾಗುವುದು ಸಿಂಧುತ್ವದ ಅವಧಿಯಲ್ಲಿ ಬಿಡ್ ಹಿಂತೆಗೆದವರದು, ಗೆದ್ದ ಮೇಲೆ ಕರಾರಿಗೆ ಬಾರದವರದು. ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿ ಇದ್ದರೆ ಎಲ್ಲೆಡೆಯೂ ಇಎಂಡಿ ಮಾಫಿ ಎಂಬುದು ಇನ್ನೊಂದು ತಪ್ಪು ನಂಬಿಕೆ. ಆ ಮಾಫಿಗೆ ಆಧಾರವಾದ 2012ರ ಕೇಂದ್ರದ ಆದೇಶ ಕೇಂದ್ರದ ಇಲಾಖೆಗಳಿಗೂ ಉದ್ದಿಮೆಗಳಿಗೂ ಸಂಬಂಧಿಸಿದ್ದು. ಪಾಲಿಕೆಯಲ್ಲಿ ರಾಜ್ಯದ ನಿಯಮ ಮತ್ತು ಆಯಾ ಟೆಂಡರಿನ ಷರತ್ತು ನೋಡಬೇಕು.

ಬಿಲ್ಲಿನ ವಿಷಯದಲ್ಲಿ ಸಣ್ಣ ಪೂರೈಕೆದಾರರ ಕೈಯಲ್ಲಿ ಒಳ್ಳೆಯ ಆಯುಧವಿದೆ. 2006ರ ಎಂಎಸ್‌ಎಂಇ ಕಾಯಿದೆಯ ಪ್ರಕಾರ ಕಿರು ಮತ್ತು ಸಣ್ಣ ಉದ್ದಿಮೆಗಳಿಗೆ ಹಣ ಗರಿಷ್ಠ 45 ದಿನಗಳಲ್ಲಿ ಸಲ್ಲಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸರಕು ಮತ್ತು ಸೇವೆಗೆ ಇದು ನೇರವಾಗಿ ಅನ್ವಯಿಸುತ್ತದೆ, ಕಾಮಗಾರಿಯ ಗುತ್ತಿಗೆಗೆ ಅನ್ವಯಿಸುತ್ತದೆಯೇ ಎಂಬುದು ನ್ಯಾಯಾಲಯಗಳಲ್ಲಿ ವಿವಾದದ ಸಂಗತಿ. ಬಿಲ್ಲು ಬೇಗ ಸಾಗಲೆಂದು ಲಂಚ ಕೊಟ್ಟವರು ತಪ್ಪಿತಸ್ಥರಲ್ಲ ಎಂಬ ಕಾಲವೂ ಮುಗಿಯಿತು. ಭ್ರಷ್ಟಾಚಾರ ತಡೆ ಕಾಯಿದೆಯ 2018ರ ತಿದ್ದುಪಡಿಯ ನಂತರ ಕೊಟ್ಟವರೂ ಅಪರಾಧಿಗಳು. ಒತ್ತಾಯಕ್ಕೆ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ.

“ಒಂದು ದೂರು ಬಂದರೆ ಕಪ್ಪುಪಟ್ಟಿ”

ಇಲ್ಲ. ನೋಟಿಸು ಕೊಡದೆ, ಉತ್ತರ ಕೇಳದೆ ಕಪ್ಪುಪಟ್ಟಿಗೆ ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿದೆ. ಕಪ್ಪುಪಟ್ಟಿಗೆ ಸೇರಿಸುವ ಉದ್ದೇಶ ಆ ನೋಟಿಸಿನಿಂದಲೇ ಸ್ಪಷ್ಟವಾಗಬೇಕೆಂದು 2014ರಲ್ಲಿ ಮತ್ತೆ ಹೇಳಿತು.

“ಕಡತ ನೋಡುವ ಹಕ್ಕು ಜನರಿಗಿಲ್ಲ”

ಯಾರು ಎಷ್ಟು ದರ ಹಾಕಿದರು, ಯಾರಿಗೆ ಕೆಲಸ ಸಿಕ್ಕಿತು ಎಂಬುದು ಮಹಾಟೆಂಡರ್ಸ್ ತಾಣದಲ್ಲೇ ಕಾಣಸಿಗುತ್ತದೆ. ಅದಕ್ಕಿಂತ ದೊಡ್ಡ ಹಕ್ಕು 2005ರ ಮಾಹಿತಿ ಹಕ್ಕು ಕಾಯಿದೆಯ ಎರಡನೆಯ ಕಲಮಿನಲ್ಲಿದೆ, ಅದನ್ನು ಬಳಸುವವರು ಕಡಿಮೆ. ಕಾಗದದ ಪ್ರತಿಯಷ್ಟೇ ಅಲ್ಲ, ಕಾಮಗಾರಿಯನ್ನು ಸ್ಥಳದಲ್ಲಿ ಪರಿಶೀಲಿಸುವ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಕೂಡ ನಾಗರಿಕರಿಗಿದೆ. ತಮ್ಮ ಗಲ್ಲಿಯ ರಸ್ತೆಯ ಡಾಂಬರಿನ ಮಾದರಿಯನ್ನು, ಅಳತೆ ಪುಸ್ತಕದ ಆ ಪುಟದ ಪ್ರತಿಯನ್ನು ಒಟ್ಟಿಗೇ ಕೇಳಬಹುದು. ಟೆಂಡರು ಇನ್ನೂ ಪರಿಶೀಲನೆಯಲ್ಲಿರುವಾಗ ವ್ಯಾಪಾರ ರಹಸ್ಯದ ಕಾರಣ ಕೊಟ್ಟು ನಿರಾಕರಿಸಬಹುದು, ಕೆಲಸ ಮುಗಿದ ಮೇಲೆ ಆ ಕಾರಣ ಸುಲಭವಾಗಿ ನಿಲ್ಲದು.

“ಕಾಗದ ತಳ್ಳುವ ನೌಕರಿ”

ಪಾಲಿಕೆಯ ಭಾಂಡಾರ ವಿಭಾಗದಲ್ಲಿ, ಅಭಿಯಂತರರ ಕಚೇರಿಯಲ್ಲಿ, ಲೆಕ್ಕ ವಿಭಾಗದಲ್ಲಿ ಖರೀದಿಯ ಕೆಲಸ ಹಂಚಿಹೋಗಿರುತ್ತದೆ. ಲಿಪಿಕರು, ಭಾಂಡಾರಪಾಲರು, ಕಿರಿಯ ಅಭಿಯಂತರು, ಲೆಕ್ಕಿಗರು ಎಲ್ಲರೂ ಸೇರಿಯೇ ಒಂದು ಖರೀದಿ. ಕಾನೂನು ಪದವಿ ಬೇಕೇಬೇಕೆಂದಿಲ್ಲ, ಬೇಕಾದದ್ದು ಮರಾಠಿಯಲ್ಲಿ ಸ್ಪಷ್ಟವಾಗಿ ಟಿಪ್ಪಣಿ ಬರೆಯುವ ಶಕ್ತಿ. ಸ್ಥಳೀಯ ಸಂಸ್ಥೆಗಳ ಆಡಳಿತದಲ್ಲಿ ಮರಾಠಿಯನ್ನು ಕಡ್ಡಾಯ ಮಾಡುವ ಕಾಯಿದೆ 2022ರಲ್ಲಿ ಬಂತು. ಡೊಂಬಿವಲಿಯಲ್ಲೋ ಐರೋಲಿಯಲ್ಲೋ ಬೆಳೆದ ಕನ್ನಡ ಮನೆಯ ಮಕ್ಕಳಿಗೆ ಮಾತಿನ ಮರಾಠಿ ನೀರು ಕುಡಿದಷ್ಟು ಸಲೀಸು, ಕಡತದ ಮರಾಠಿಯನ್ನು ಕಲಿಯಲೇಬೇಕು.

ಈ ಕೆಲಸದ ಭಾರ ತಿಳಿಯುವುದು ಲೆಕ್ಕಪರಿಶೋಧನೆಯ ಆಕ್ಷೇಪ ಬಂದಾಗ. ಖರೀದಿ ನಡೆದು ವರ್ಷಗಳಾಗಿರುತ್ತವೆ, ಅಂದು ಸಹಿ ಹಾಕಿದವರು ವರ್ಗವಾಗಿರುತ್ತಾರೆ, ಕೆಲವರು ನಿವೃತ್ತರಾಗಿರುತ್ತಾರೆ. ಎರಡನೆಯ ಬಿಡ್ ಯಾಕೆ ತಿರಸ್ಕೃತವಾಯಿತು, ಅವಧಿಯನ್ನು ಯಾಕೆ ವಿಸ್ತರಿಸಿದರು ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಆ ಕುರ್ಚಿಗೆ ಹೊಸದಾಗಿ ಬಂದವರು. ಹಿಂದಿನವರು ಅಂದು ಎರಡು ಸಾಲು ಕಾರಣ ಬರೆದಿಟ್ಟಿದ್ದರೆ ಉತ್ತರ ಒಂದು ದಿನದ ಕೆಲಸ. ಬರೆಯದಿದ್ದರೆ ವಸೂಲಿಯ ನೋಟಿಸು ನಿವೃತ್ತರ ಮನೆಯ ಬಾಗಿಲಿಗೂ ಹೋಗಬಹುದು.