ಕಾಲೇಜು ತಂಡಕ್ಕೆ ಎಷ್ಟು ದಾರಿ?

ನಿಪ್ಪಾಣಿಯ ಪೇಟೆ ಬಿಟ್ಟು ಅರ್ಜುನನಗರ ಮುಟ್ಟಲು ಬಹಳ ಹೊತ್ತೇನೂ ಬೇಡ. ಅಷ್ಟರಲ್ಲೇ ರಾಜ್ಯ ಬದಲಾಗಿರುತ್ತದೆ. ಅಲ್ಲಿನ ದೇವಚಂದ ಕಾಲೇಜು ಕೊಲ್ಹಾಪುರ ಜಿಲ್ಲೆಯ ಕಾಗಲ್ ತಾಲ್ಲೂಕಿಗೆ ಸೇರಿದ್ದು. ಅದಕ್ಕೆ ಮಾನ್ಯತೆ ಕೊಟ್ಟಿರುವುದು 1962ರಲ್ಲಿ ಹುಟ್ಟಿದ ಶಿವಾಜಿ ವಿಶ್ವವಿದ್ಯಾಲಯ. ಈಚೆ ನಿಪ್ಪಾಣಿಯೊಳಗೇ ಇರುವ ಕೆಎಲ್‌ಇ ಸಂಸ್ಥೆಯ ಜಿ.ಐ. ಬಾಗೇವಾಡಿ ಕಾಲೇಜು 2010ರಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ್ದು. ಫುಟ್‌ಬಾಲ್ ಆಡುವ ಹುಡುಗನೊಬ್ಬ ಪಿಯುಸಿ ಮುಗಿಸಿ ಯಾವ ಕಾಲೇಜಿನ ಮೆಟ್ಟಿಲು ಹತ್ತುತ್ತಾನೋ ಅದರ ಮೇಲೆ ಮುಂದೆ ಯಾರ ಎದುರು ಆಡುತ್ತಾನೆ ಎಂಬುದು ನಿಂತಿದೆ. ಆಚೆ ಸೇರಿದರೆ ಪಶ್ಚಿಮ ವಲಯ, ಅಂದರೆ ಮುಂಬೈ, ಪುಣೆ, ಗೋವಾ ವಿಶ್ವವಿದ್ಯಾಲಯಗಳ ಸಾಲು. ಈಚೆ ಉಳಿದರೆ ದಕ್ಷಿಣ ವಲಯ, ಅಂದರೆ ಮಂಗಳೂರು, ಕ್ಯಾಲಿಕಟ್, ಮದ್ರಾಸ್.

ಇಂಥ ಎರಡು ಬಾಗಿಲು ಬೆಂಗಳೂರಿನ ಹುಡುಗನ ಮನೆಯ ಹತ್ತಿರವೂ ಇಲ್ಲ. ಆದರೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಪಾಲಕರಲ್ಲಿ ಒಂದು ಅಳಲು ಇದ್ದೇ ಇದೆ: ದೊಡ್ಡ ಊರಿನ ಅಕಾಡೆಮಿಗೆ ಸೇರಿಸದಿದ್ದರೆ ಮಕ್ಕಳ ಆಟ ಊರ ಬಯಲಲ್ಲೇ ಮುಗಿದುಹೋಗುತ್ತದೇನೋ ಎಂಬುದು. ಈ ಆತಂಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಾಲೇಜು ತಂಡಕ್ಕೆ ಹೋಗುವ ದಾರಿಗಳಲ್ಲಿ ಅಕಾಡೆಮಿಯೂ ಒಂದು ನಿಜ, ಆದರೆ ಈ ಸೀಮೆಗೆ ಹತ್ತಿರದ ದಾರಿ ಅದಲ್ಲ.

ಅಕಾಡೆಮಿ ಏನು ಕೊಡುತ್ತದೆ? ದಿನವೂ ತರಬೇತಿ, ಪರವಾನಗಿ ಪಡೆದ ತರಬೇತುದಾರ, ಊಟ ವ್ಯಾಯಾಮಗಳ ಶಿಸ್ತು, ಎಲ್ಲಕ್ಕಿಂತ ಹೆಚ್ಚಾಗಿ ವರ್ಷಕ್ಕೆ ಹತ್ತಾರು ಗಂಭೀರ ಪಂದ್ಯ. ಬೆಂಗಳೂರು ಎಫ್‌ಸಿ ಕ್ಲಬ್ಬಿನ ವಸತಿ ಅಕಾಡೆಮಿ ಇರುವುದು ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ. ಜಿಂದಾಲ್ ಬಳಗ 2018ರಲ್ಲಿ ತೆರೆದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಕೂಡ ಅಲ್ಲೇ ಇದೆ. ನಿಪ್ಪಾಣಿಯಿಂದ ಅದು ಮುನ್ನೂರು ಕಿಲೋಮೀಟರು ದಾಟಿದ ಹಾದಿ, ಆಯ್ಕೆಯೂ ಬಲು ಕಠಿಣ. ಇಂಥ ಜಾಗದಲ್ಲಿ ಮುಖ್ಯ ಗುರಿ ವೃತ್ತಿಪರ ಆಟ. ಹದಿನೆಂಟಕ್ಕೇ ಕ್ಲಬ್ಬಿನ ಕರಾರಿಗೆ ಸಹಿ ಹಾಕಬಲ್ಲ ಕೆಲವೇ ಕೆಲವರನ್ನು ಅದು ಹುಡುಕುತ್ತಿರುತ್ತದೆ.

ನಗರಗಳ ಶುಲ್ಕದ ಅಕಾಡೆಮಿಗಳ ಮಾತು ಬೇರೆ. ಅವುಗಳಲ್ಲಿ ಒಳ್ಳೆಯವೂ ಇವೆ, ಬೋರ್ಡು ಮಾತ್ರ ದೊಡ್ಡದಾಗಿರುವವೂ ಇವೆ. ಹಣ ಕಟ್ಟುವ ಮುಂಚೆ ತಂದೆತಾಯಿ ಮೂರು ವಿಷಯ ಕೇಳಬೇಕು. ತರಬೇತುದಾರರ ಬಳಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಡಿ, ಸಿ ಅಥವಾ ಅದಕ್ಕೂ ಮೇಲಿನ ಪರವಾನಗಿ ಇದೆಯೇ? ಅಕಾಡೆಮಿಗೆ ಫೆಡರೇಷನ್ನಿನ ಮಾನ್ಯತೆ ಇದೆಯೇ? ವರ್ಷದಲ್ಲಿ ಮಕ್ಕಳು ಆಡುವ ಪಂದ್ಯಗಳೆಷ್ಟು, ಯಾವ ಲೀಗಿನಲ್ಲಿ? ಉತ್ತರ ತಡವರಿಸಿದರೆ ಆ ಹಣವನ್ನು ಮಕ್ಕಳ ಹಾಲು, ಮೊಟ್ಟೆ, ಒಂದು ಜೊತೆ ಒಳ್ಳೆಯ ಬೂಟಿಗೆ ಇಟ್ಟುಕೊಳ್ಳುವುದೇ ಲೇಸು.

ಇನ್ನು ಹತ್ತಿರದ ದಾರಿಗಳು. ನಿಪ್ಪಾಣಿಯಿಂದ ನಲವತ್ತು ಕಿಲೋಮೀಟರು ಸುಮಾರಿನಲ್ಲಿರುವ ಕೊಲ್ಹಾಪುರದಲ್ಲಿ ಫುಟ್‌ಬಾಲ್ ಬೆಳೆದದ್ದು ಅಕಾಡೆಮಿಗಳಲ್ಲಲ್ಲ, ತಾಲೀಮುಗಳಲ್ಲಿ. ತಾಲೀಮು ಎಂದರೆ ಕೆಮ್ಮಣ್ಣಿನ ಅಖಾಡದ ಗರಡಿಮನೆ. ಈ ಗಡಿ ಭಾಗದ ಕನ್ನಡಿಗರಿಗೂ ಅದು ಮನೆಮಾತು. ಶಾಹೂ ಮಹಾರಾಜರ ಕಾಲದಿಂದ ಪೈಲ್ವಾನರನ್ನು ಸಾಕಿದ ಓಣಿಗಳೇ ಮುಂದೆ ಚೆಂಡಿಗೂ ಜಾಗ ಕೊಟ್ಟವು. ಇಂದಿಗೂ ಅಲ್ಲಿನ ತಂಡಗಳ ಹೆಸರು ಕೇಳಿದರೆ ಕುಸ್ತಿಯ ನೆನಪಾಗುತ್ತದೆ: ಪಾಟಾಕಡೀಲ ತಾಲೀಮು, ದಿಲ್‌ಬಹಾರ್ ತಾಲೀಮು, ಖಂಡೋಬಾ ತಾಲೀಮು, ಬಾಲಗೋಪಾಲ ತಾಲೀಮು. ಶಾಹೂ ಸ್ಟೇಡಿಯಮ್ಮಿನಲ್ಲಿ ಇವು ಎದುರುಬದುರಾದರೆ ಓಣಿಗೆ ಓಣಿಯೇ ಬಂದು ಕೂರುತ್ತದೆ. ಹಿರಿಯ ಆಟಗಾರರ ನಡುವೆ, ತುಂಬಿದ ಜನರೆದುರು ಆಡುವ ಹುಡುಗನಿಗೆ ಎದೆಗಾರಿಕೆ ತಾನಾಗಿ ಬರುತ್ತದೆ. ಅಲ್ಲಿ ಕಡಿಮೆ ಬೀಳುವುದು ವಯಸ್ಸಿಗೆ ತಕ್ಕ ತರಬೇತಿ, ಗಾಯದ ಆರೈಕೆ, ಮತ್ತು ಓದಿನ ಕಡೆ ನೋಡುವ ಹಿರಿಯರ ಕಣ್ಣು.

ಆ ಕೊರತೆಯನ್ನು ತುಂಬುವುದು ಸರ್ಕಾರದ ವಸತಿ ವ್ಯವಸ್ಥೆ. ಕೊಲ್ಹಾಪುರದಲ್ಲಿ ಹುಟ್ಟಿದ ಅನಿಕೇತ್ ಜಾಧವ್ ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿಗೆ ಆಯ್ಕೆಯಾಗಿ ಪುಣೆಗೆ ಹೋದರು. ಬಳಿಕ ಅಲ್ಲಿನ ಕ್ಲಬ್ ಅಕಾಡೆಮಿ ಸೇರಿದರು. 2017ರಲ್ಲಿ ಭಾರತದಲ್ಲೇ ನಡೆದ ಹದಿನೇಳರೊಳಗಿನವರ ವಿಶ್ವಕಪ್ಪಿನಲ್ಲಿ ದೇಶದ ಅಂಗಿ ತೊಟ್ಟರು. ಒಂದೇ ಹುಡುಗನ ಬದುಕಿನಲ್ಲಿ ಊರ ಮೈದಾನ, ಸರ್ಕಾರಿ ವಸತಿ ಶಾಲೆ, ಅಕಾಡೆಮಿ ಮೂರೂ ಒಂದರ ಹಿಂದೊಂದು ಬಂದವು.

ಕರ್ನಾಟಕದಲ್ಲಿ ಈ ಕೆಲಸ ಮಾಡುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಹಾಸ್ಟೆಲುಗಳು. ಊಟ, ವಸತಿ, ತರಬೇತಿ, ಓದು ಎಲ್ಲವೂ ಉಚಿತ. ಕಿರಿಯರಿಗೂ ಹಿರಿಯರಿಗೂ ಬೇರೆ ಬೇರೆ ಆಯ್ಕೆ ನಡೆಯುತ್ತದೆ. ಬೆಳಗಾವಿ ತಾಲ್ಲೂಕಿನ ತುರಮುರಿಯ ಮಲಪ್ರಭಾ ಜಾಧವ್ ಬೆಳಗಾವಿಯಲ್ಲಿ ಇಲಾಖೆಯ ತರಬೇತಿಯಲ್ಲೇ ಜೂಡೊ ಕಲಿತು, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಕಂಚು ತಂದರು. ರಾಮದುರ್ಗ ತಾಲ್ಲೂಕಿನ ಚಂದರಗಿಯ ವಸತಿ ಕ್ರೀಡಾ ಶಾಲೆಯೂ ಇದೇ ಜಿಲ್ಲೆಯದು. ಅದರ ಹೆಸರು ಹೆಚ್ಚು ಕೇಳುವುದು ಸೈಕ್ಲಿಂಗ್‌ನಲ್ಲಿ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಹಾಸ್ಟೆಲು ಮತ್ತು ಶಾಲೆಯ ತಂಡ ಇನ್ನೂ ಹೆಚ್ಚಿನ ಬೆಲೆಯವು. ತಾಲೀಮು ಹಿಂದಿನಿಂದಲೂ ಗಂಡಸರ ಜಾಗ. ದೂರದ ಅಕಾಡೆಮಿಗೆ ಮಗಳನ್ನು ಒಬ್ಬಳೇ ಕಳಿಸಲು ಮನೆಯವರು ಹಿಂಜರಿಯುತ್ತಾರೆ. ಶಾಲೆಯ ಮಾಸ್ತರರು ತಂಡ ಕಟ್ಟಿದರೆ ಮಾತ್ರ ಆ ಹುಡುಗಿಯ ಕಾಲಿಗೆ ಚೆಂಡು ಸಿಗುತ್ತದೆ. 1960ರಲ್ಲಿ ಆರಂಭವಾದ ಸುಬ್ರತೋ ಕಪ್ ಶಾಲಾ ಪಂದ್ಯಾವಳಿಯಲ್ಲಿ ಹದಿನೇಳರೊಳಗಿನ ಬಾಲಕಿಯರ ವಿಭಾಗವೂ ಇದೆ. ಆದರೆ ಕ್ರೀಡಾಕೂಟದ ಹೆಸರುಪಟ್ಟಿಯಲ್ಲಿ ಕಬಡ್ಡಿ, ಖೋ-ಖೋ, ವಾಲಿಬಾಲ್ ಬರೆದು ಫುಟ್‌ಬಾಲಿನ ಜಾಗ ಖಾಲಿ ಬಿಡುವ ಶಾಲೆಗಳು ಎಷ್ಟೋ.

ಶಾಲೆಯ ದಾರಿಯಲ್ಲಿ ಈ ಐದು ತಾಲ್ಲೂಕಿಗೆ ಒಂದು ಅನುಕೂಲವಿದೆ. ಚಿಕ್ಕೋಡಿ ಕಂದಾಯ ಜಿಲ್ಲೆಯಾಗದಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ತಾಲ್ಲೂಕು ಗೆದ್ದ ಅಥಣಿಯ ಶಾಲೆಯ ಮುಂದಿನ ಹೋರಾಟ ಚಿಕ್ಕೋಡಿಯ ಮಟ್ಟದಲ್ಲಿ. ಅಲ್ಲಿ ಗೆದ್ದರೆ ವಿಭಾಗ, ಆಮೇಲೆ ರಾಜ್ಯ. ಪಿಯು ಹಂತದಲ್ಲೂ ಹೀಗೆಯೇ ಏಣಿಯಿದೆ. ಈ ಮೆಟ್ಟಿಲುಗಳಲ್ಲಿ ಸಿಗುವ ಪ್ರಮಾಣಪತ್ರಗಳನ್ನು ಜೋಪಾನ ಮಾಡಬೇಕು. ಸಿಇಟಿ ಮೂಲಕ ನಡೆಯುವ ವೃತ್ತಿಪರ ಕೋರ್ಸುಗಳ ಸೀಟು ಹಂಚಿಕೆಯಲ್ಲಿ ಕ್ರೀಡಾ ಕೋಟಾ ಇದೆ. ಅಲ್ಲಿ ತೂಕ ಬರುವುದು ಮಾನ್ಯತೆ ಪಡೆದ ಕ್ರೀಡಾಕೂಟದ ಕಾಗದಕ್ಕೆ, ಖಾಸಗಿ ಪಂದ್ಯಾವಳಿಯ ಹೊಳೆಯುವ ಟ್ರೋಫಿಗಲ್ಲ.

ಕಾಲೇಜು ಸೇರಿದ ಮೇಲೆ ನಡೆಯುವುದಿಷ್ಟು. ಮೊದಲು ಕಾಲೇಜು ತಂಡ. ಆಮೇಲೆ ವಿಶ್ವವಿದ್ಯಾಲಯದೊಳಗಿನ ಅಂತರ ಕಾಲೇಜು ಪಂದ್ಯಾವಳಿ. ಚಿಕ್ಕೋಡಿಯ ಬಸವಪ್ರಭು ಕೋರೆ ಕಾಲೇಜಿನವರಾಗಲಿ, ಕಾಗವಾಡದ ಶಿವಾನಂದ ಕಾಲೇಜಿನವರಾಗಲಿ ಕಣ್ಣಿಗೆ ಬೀಳುವುದು ಅಲ್ಲಿ. ಅಲ್ಲಿಂದ ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾದವರನ್ನು ಕಾಲೇಜುಗಳಲ್ಲಿ ‘ಯುನಿವರ್ಸಿಟಿ ಬ್ಲೂ’ ಎಂದು ಹೆಮ್ಮೆಯಿಂದ ಕರೆಯುತ್ತಾರೆ. ಬ್ಲೂ ಆದವರು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ವಲಯ ಪಂದ್ಯಾವಳಿಗೆ ಹೋಗುತ್ತಾರೆ. ಅಲ್ಲಿ ಮೇಲೆ ಬಂದರೆ ಸರ್ ಅಶುತೋಷ್ ಮುಖರ್ಜಿ ಟ್ರೋಫಿಯ ಅಖಿಲ ಭಾರತ ಹಂತ. 2020ರಲ್ಲಿ ಭುವನೇಶ್ವರದಲ್ಲಿ ಶುರುವಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಈ ಏಣಿಯ ತುದಿಗೆ ಇನ್ನೊಂದು ಮೆಟ್ಟಿಲು ಸೇರಿಸಿತು. ಅದರ ಎರಡನೇ ಕೂಟ 2022ರಲ್ಲಿ ಬೆಂಗಳೂರಿನಲ್ಲೇ ನಡೆಯಿತು.

ಈ ಏಣಿ ಹತ್ತಲು ಆಟದಷ್ಟೇ ಓದೂ ಬೇಕು. ಹದಿನೇಳರಿಂದ ಇಪ್ಪತ್ತೈದರ ವಯಸ್ಸು, ಪಿಯುಸಿ ಪಾಸು, ಪೂರ್ಣಾವಧಿ ಕೋರ್ಸಿನಲ್ಲಿ ದಾಖಲಾತಿ, ಇಷ್ಟಿಲ್ಲದೆ ಎಂಥ ಗೋಲು ಹೊಡೆಯುವವರಿಗೂ ವಿಶ್ವವಿದ್ಯಾಲಯದ ಅಂಗಿ ಸಿಗದು. ಅಭ್ಯಾಸದ ನೆಪದಲ್ಲಿ ತರಗತಿ ತಪ್ಪಿಸಿ, ಪಿಯುಸಿಯಲ್ಲಿ ಒಂದು ವಿಷಯ ಉಳಿಸಿಕೊಂಡ ಹುಡುಗನಿಗೆ ಅಕಾಡೆಮಿಯಲ್ಲಿ ಕಲಿತ ಪಾಸು, ಡ್ರಿಬಲ್ ಯಾವುವೂ ಆ ವರ್ಷ ಉಪಯೋಗಕ್ಕೆ ಬರುವುದಿಲ್ಲ.

ಅಕಾಡೆಮಿಯೋ ಶಾಲೆಯೋ ಎಂಬ ಜಗ್ಗಾಟ ಇಲ್ಲಿನದಷ್ಟೇ ಅಲ್ಲ. ಕಾಲೇಜು ಕ್ರೀಡೆಗೆ ಕೋಟಿಗಟ್ಟಲೆ ಸುರಿಯುವ ಅಮೆರಿಕದಲ್ಲಿ ಅಲ್ಲಿನ ಸಾಕರ್ ಫೆಡರೇಷನ್ 2007ರಲ್ಲಿ ಡೆವಲಪ್‌ಮೆಂಟ್ ಅಕಾಡೆಮಿ ಲೀಗ್ ಆರಂಭಿಸಿತು. 2012ರಿಂದ ಅದರ ಆಟಗಾರರು ತಮ್ಮ ಹೈಸ್ಕೂಲಿನ ತಂಡಕ್ಕೆ ಆಡುವುದನ್ನು ನಿರ್ಬಂಧಿಸಿತು. ಗೆಳೆಯರೊಂದಿಗೆ ಶಾಲೆಗಾಗಿ ಆಡುವುದೋ, ಕಾಲೇಜು ತರಬೇತುದಾರರ ಕಣ್ಣಿಗೆ ಬೀಳಲು ಅಕಾಡೆಮಿಯಲ್ಲಿ ಉಳಿಯುವುದೋ ಎಂದು ಹದಿನೈದರ ಮಕ್ಕಳು ಆರಿಸಬೇಕಾಯಿತು. 2020ರಲ್ಲಿ ಆ ಲೀಗೇ ಮುಚ್ಚಿಹೋಯಿತು. ಅಲ್ಲಿಗೆ ಹೋಗಿ ಆಡುವ ಕನಸಿರುವವರಿಗೆ ಇನ್ನೊಂದು ಮಾತು: ಅಲ್ಲಿನ ಕಾಲೇಜು ಕ್ರೀಡಾ ವ್ಯವಸ್ಥೆಯ ಮೂರನೇ ವಿಭಾಗದ (ಡಿವಿಷನ್ 3) ಕಾಲೇಜುಗಳು ಆಟಕ್ಕೆಂದು ವಿದ್ಯಾರ್ಥಿವೇತನವನ್ನೇ ಕೊಡುವುದಿಲ್ಲ.

ಕಾಲೇಜು ಒಬ್ಬ ಆಟಗಾರನಿಗೆ ಎಷ್ಟು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ಕೊಲ್ಹಾಪುರದಲ್ಲೇ ಇದೆ. ಖಾಶಾಬಾ ಜಾಧವ್ ರಾಜಾರಾಮ್ ಕಾಲೇಜಿನ ವಿದ್ಯಾರ್ಥಿ. 1948ರ ಲಂಡನ್ ಒಲಿಂಪಿಕ್ಸ್ ಕುಸ್ತಿಯಲ್ಲಿ ಅವರು ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣ ಸಾಲದಾದಾಗ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಹೊಂದಿಸಿದರು. ಖಾಶಾಬಾ ಕಂಚು ಗೆದ್ದು ಬಂದರು. ಅದು ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಇಂದು ಯಾವ ಪ್ರಾಂಶುಪಾಲರೂ ಮನೆ ಒತ್ತೆಯಿಡಬೇಕಿಲ್ಲ. ಮೈದಾನದ ಮುಳ್ಳು ಕೀಳಿಸಿ, ಗೋಲುಕಂಬಕ್ಕೆ ಬಲೆ ಕಟ್ಟಿಸಿ, ಅಂತರ ಕಾಲೇಜು ಪಂದ್ಯಕ್ಕೆ ತಂಡ ಕಳಿಸಿದರೆ ಗಡಿಯ ಮಕ್ಕಳಿಗೆ ಎಷ್ಟೋ ಆಗುತ್ತದೆ.

ಪದವಿ ತರಗತಿಗಳು ಶುರುವಾದ ಕೆಲವು ವಾರಕ್ಕೆ ದೈಹಿಕ ಶಿಕ್ಷಣ ನಿರ್ದೇಶಕರ ಕೋಣೆಯ ಹೊರಗೆ ಆಯ್ಕೆಯ ದಿನಾಂಕ ಅಂಟಿಸುತ್ತಾರೆ. ರಾಯಬಾಗದ ಹುಡುಗನೋ ಅಥಣಿಯ ಹುಡುಗಿಯೋ ಬೂಟಿನ ಲಾಡಿ ಬಿಗಿದು ಅಲ್ಲಿ ನಿಂತಾಗ, ಯಾವ ಅಕಾಡೆಮಿಯಲ್ಲಿ ಕಲಿತದ್ದು ಎಂಬುದಕ್ಕೆ ಅರ್ಹತಾ ಪತ್ರದಲ್ಲಿ ಜಾಗವಿರುವುದಿಲ್ಲ. ಅದರ ಜೊತೆ ಲಗತ್ತಿಸಬೇಕಾದದ್ದು ಜನ್ಮದಿನಾಂಕಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಾಸಾದದ್ದಕ್ಕೆ ಪಿಯುಸಿ ಅಂಕಪಟ್ಟಿ, ಕಾಲೇಜಿನ ದಾಖಲಾತಿಯ ಕಾಗದ. ಉಳಿದದ್ದನ್ನು ಮೈದಾನಕ್ಕಿಳಿದು ತೋರಿಸಬೇಕು.