ಬಳಸಿದ ಸೂಜಿ ಚುಚ್ಚಿತೇ? ಮುಚ್ಚಿಡಬೇಡಿ, ತಡಮಾಡಬೇಡಿ

ರೋಗಿಯ ಆರೈಕೆಗೆ ನಿಂತ ಬಂಧುಗಳಿಗೆ ಹಾಸಿಗೆ ಬದಲಿಸುವಾಗ, ಕಸ ಎತ್ತುವಾಗ ಬಳಸಿದ ಸೂಜಿ ಚುಚ್ಚುವುದುಂಟು. ಕೆಲವರು "ಏನೂ ಆಗುವುದಿಲ್ಲ ಬಿಡಿ" ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಎಚ್.ಐ.ವಿ. ಭಯದಿಂದ ಯಾರಿಗೂ ಹೇಳದೆ ಒಳಗೊಳಗೇ ಕೊರಗುತ್ತಾರೆ. ಎರಡೂ ಸರಿಯಲ್ಲ. ಸೋಂಕು ದೇಹದಲ್ಲಿ ನೆಲೆಯೂರದಂತೆ ತಡೆಯುವ ಮಾತ್ರೆಗಳಿವೆ. ಇದನ್ನು ಪಿ.ಇ.ಪಿ. ಚಿಕಿತ್ಸೆ ಎನ್ನುತ್ತಾರೆ.

ಅಪಾಯ ಎಷ್ಟು?
ಎಚ್.ಐ.ವಿ. ಇರುವ ರಕ್ತದ ಸೂಜಿ ಚುಚ್ಚಿದ 1000 ಜನರಲ್ಲಿ ಸುಮಾರು 3 ಜನರಿಗೆ ಮಾತ್ರ ಸೋಂಕು ತಗಲುತ್ತದೆ. ಆದ್ದರಿಂದ ಗಾಬರಿ ಬೇಡ. ಆದರೆ ಆ ಮೂವರಲ್ಲಿ ನೀವೂ ಒಬ್ಬರಾಗಬಾರದಲ್ಲವೇ? ಸೂಜಿ ಚುಚ್ಚಿಸಿಕೊಂಡ ಆರೋಗ್ಯ ಸಿಬ್ಬಂದಿಯ ಬಗ್ಗೆ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಿಡೊವುಡಿನ್ ಎಂಬ ಒಂದೇ ಔಷಧಿ ಸೋಂಕಿನ ಸಾಧ್ಯತೆಯನ್ನು ಸುಮಾರು ಶೇ. 81ರಷ್ಟು ತಗ್ಗಿಸಿದ್ದು ಕಂಡುಬಂದಿತು. ಈಗ ಮೂರು ಔಷಧಿ ಕೊಡಲಾಗುತ್ತದೆ.

ಸಮಯವೇ ಏಕೆ ಮುಖ್ಯ?
ಒಳಹೊಕ್ಕ ವೈರಾಣು ಕೂಡಲೇ ದೇಹವಿಡೀ ಹರಡುವುದಿಲ್ಲ. ಮೊದಲು ಅಲ್ಲಿನ ಜೀವಕೋಶಗಳನ್ನು ಸೇರಿ, ಎರಡು ಮೂರು ದಿನಗಳಲ್ಲಿ ಹತ್ತಿರದ ದುಗ್ಧಗ್ರಂಥಿಗಳಿಗೆ, ನಂತರ ರಕ್ತಕ್ಕೆ ಸಾಗುತ್ತದೆ. ಅಷ್ಟರೊಳಗೆ ಔಷಧಿ ತಲುಪಬೇಕು. ಮೊದಲ ಮಾತ್ರೆಯನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ನುಂಗಬೇಕು. ಪರೀಕ್ಷೆಯ ವರದಿಗಾಗಿ ಕಾಯಬಾರದು. ಅಗತ್ಯವಿಲ್ಲವೆಂದು ತಿಳಿದರೆ ವೈದ್ಯರೇ ಮಾತ್ರೆ ನಿಲ್ಲಿಸುತ್ತಾರೆ.

ತಕ್ಷಣ ಏನು ಮಾಡಬೇಕು?
1. ಗಾಯವನ್ನು ಸೋಪು, ಹರಿಯುವ ನೀರಿನಿಂದ ತೊಳೆಯಿರಿ. ಹಿಂಡಬೇಡಿ, ಬಾಯಿಗೆ ಇಡಬೇಡಿ, ಬ್ಲೀಚಿಂಗ್ ನೀರು ಹಾಕಬೇಡಿ.
2. ಕಣ್ಣಿಗೆ ರಕ್ತ ಸಿಡಿದರೆ ಉಜ್ಜದೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ.
3. ಗಂಟೆ ಗುರುತಿಟ್ಟುಕೊಂಡು ಕೂಡಲೇ ನರ್ಸ್ ಅಥವಾ ವೈದ್ಯರಿಗೆ ತಿಳಿಸಿ. ರಾತ್ರಿಯಾದರೂ ಸರಿ, ತುರ್ತು ವಿಭಾಗಕ್ಕೆ ಹೋಗಿ. ಹೆಪಟೈಟಿಸ್-ಬಿ ಲಸಿಕೆ ಹಾಕಿಸಿಕೊಂಡಿದ್ದೀರಾ ಎಂಬುದನ್ನೂ ಹೇಳಿ.

ಇನ್ನು ಯಾರಿಗೆ ಬೇಕಾಗಬಹುದು?
ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು, ಸಂಭೋಗದ ವೇಳೆ ಕಾಂಡೋಮ್ ಹರಿದವರು ಸಹ 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕೆಂದು ಕಾನೂನಿದೆ. ದೂರು ದಾಖಲಾಗಲಿ ಎಂದು ಕಾಯಬೇಡಿ.
ರೋಗಿಯನ್ನು ಮುಟ್ಟಿದರೆ, ಜೊತೆಗೆ ಉಂಡರೆ, ಸೊಳ್ಳೆ ಕಚ್ಚಿದರೆ ಎಚ್.ಐ.ವಿ. ಬರುವುದಿಲ್ಲ. ಅದಕ್ಕೆ ಮಾತ್ರೆಯೂ ಬೇಕಿಲ್ಲ.

28 ದಿನಗಳ ಶಿಸ್ತು
ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆಯನ್ನು ಸಾಮಾನ್ಯವಾಗಿ ದಿನಕ್ಕೊಮ್ಮೆ, 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ತಲೆನೋವು, ನಿದ್ರೆ ಕಡಿಮೆಯಾಗುವುದು ಇರಬಹುದು. ಅಷ್ಟಕ್ಕೇ ಮಾತ್ರೆ ಬಿಡಬೇಡಿ, ವೈದ್ಯರನ್ನು ಕೇಳಿ. ಮೂತ್ರಪಿಂಡದ ತೊಂದರೆ ಇದ್ದರೆ, ಕಬ್ಬಿಣ, ಕ್ಯಾಲ್ಸಿಯಂ ಅಥವಾ ಆಸಿಡಿಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಅವುಗಳ ಜೊತೆಯಲ್ಲೇ ನುಂಗಿದರೆ ಡೊಲುಟೆಗ್ರಾವಿರ್ ಸರಿಯಾಗಿ ಹೀರಿಕೆಯಾಗುವುದಿಲ್ಲ.
ಮೊದಲ ದಿನ ರಕ್ತಪರೀಕ್ಷೆ ಇರುತ್ತದೆ. ನಂತರ ವೈದ್ಯರು ಹೇಳಿದಂತೆ 6 ವಾರ, 3 ತಿಂಗಳು, 6 ತಿಂಗಳಿಗೆ ಮತ್ತೆ ಮಾಡಿಸಿ. ಪರೀಕ್ಷೆಗಳು ಮುಗಿಯುವವರೆಗೆ ಕಾಂಡೋಮ್ ಬಳಸಿ, ರಕ್ತದಾನ ಮಾಡಬೇಡಿ.

ಗುಟ್ಟು ಉಳಿಯುತ್ತದೆಯೇ?
ಉಳಿಯುತ್ತದೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆಯಂತೆ ನಿಮ್ಮ ಒಪ್ಪಿಗೆಯಿಲ್ಲದೆ ಎಚ್.ಐ.ವಿ. ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ. ಸಂದೇಹವಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಿ. ನಾಚಿಕೆಯಿಂದ ಕಳೆದ ಮೂರು ದಿನ ಮತ್ತೆ ಬಾರದು. ನಿಮ್ಮ ವಾರ್ಡಿನ ನರ್ಸ್‌ಗೆ ಈಗಲೇ ಹೇಳಿ.