ಹತ್ತಕ್ಕೆ ನಾಲ್ಕು ರೇಟಿಂಗ್: ಹೋಗೋದಾ, ಬೇಡ್ವಾ?

ಅಮೆರಿಕದ ಹಳ್ಳಿಗಾಡಿನ ಕೌಂಟಿಯಲ್ಲಿ ಮನೆ ಇಷ್ಟ ಆಯ್ತು.
ಆದ್ರೆ ಶಾಲೆಗೆ ರೇಟಿಂಗ್ ಹತ್ತಕ್ಕೆ ನಾಲ್ಕು.
ಅಷ್ಟಕ್ಕೇ ಬೇಡ ಅಂದುಬಿಡ್ತೀರಾ?

ವರ್ಜೀನಿಯಾದ ಹೈಲ್ಯಾಂಡ್ ಕೌಂಟಿ ತಗೊಳ್ಳಿ.
2020ರ ಜನಗಣತಿಯಲ್ಲಿ
ಇಡೀ ಕೌಂಟಿಗೆ ಸುಮಾರು 2,200 ಜನ.
ಒಂದು ಎಲಿಮೆಂಟರಿ, ಒಂದು ಹೈಸ್ಕೂಲ್.
ಮುಗೀತು.

ಇಂಥ ಕಡೆ ಒಂದು ಕ್ಲಾಸಲ್ಲಿ
12 ಮಕ್ಕಳು ಅಂದ್ಕೊಳ್ಳಿ.
ರಾಜ್ಯದ ಪರೀಕ್ಷೆಯಲ್ಲಿ ಒಬ್ಬ ಫೇಲಾದ್ರೆ
ಫಲಿತಾಂಶ ಸುಮಾರು 8 ಪರ್ಸೆಂಟ್ ಕೆಳಗೆ, ಜೊತೆಗೆ ರೇಟಿಂಗೂ!
ಪುಟ್ಟ ಪಾತ್ರೆ ಸಾರಿಗೆ
ಒಂದು ಚಿಟಿಕೆ ಉಪ್ಪು ಜಾಸ್ತಿ ಬಿದ್ದ ಹಾಗೆ.

ಅದಕ್ಕೇ ಒಂದೇ ವರ್ಷದ ಅಂಕಿ ನಂಬಬೇಡಿ.
ರಾಜ್ಯದ ‘ಸ್ಕೂಲ್ ಕ್ವಾಲಿಟಿ ಪ್ರೊಫೈಲ್ಸ್’ ವೆಬ್‌ಸೈಟಲ್ಲಿ
ಮೂರ್ನಾಲ್ಕು ವರ್ಷದ್ದು ಒಟ್ಟಿಗೆ ನೋಡಿ.

ಆಮೇಲೆ ಶಾಲೆಗೆ ಫೋನ್ ಮಾಡಿ.
ಕ್ಯಾಲ್ಕುಲಸ್ ಕಲಿಸೋರು ಯಾರು?
ಎದುರಿಗಿರೋ ಮೇಷ್ಟ್ರಾ,
ಇಲ್ಲಾ ‘ವರ್ಚುವಲ್ ವರ್ಜೀನಿಯಾ’ ಆನ್‌ಲೈನ್ ಕ್ಲಾಸಾ?
ಸ್ಪೀಚ್ ಥೆರಪಿಸ್ಟ್ ವಾರಕ್ಕೆ ಎಷ್ಟು ದಿನ ಬರ್ತಾರೆ?
ಹೋದ ವರ್ಷದ ಟೀಚರ್‌ಗಳಲ್ಲಿ
ಎಷ್ಟು ಜನ ಉಳಿದಿದ್ದಾರೆ?
ನನ್ನ ಕೇಳಿದ್ರೆ, ರೇಟಿಂಗ್‌ಗಿಂತ ಈ ಉತ್ತರಗಳಿಗೇ ತೂಕ ಜಾಸ್ತಿ.

ಬಸ್ಸು ಮರೀಬೇಡಿ, ಅದು ಬೆಟ್ಟದ ದಾರಿ.
ನಿಮ್ಮ ವಿಳಾಸ ಹೇಳಿ,
ಮಗು ಬೆಳಿಗ್ಗೆ ಎಷ್ಟಕ್ಕೆ ಹತ್ತಬೇಕು ಅಂತ ಕೇಳಿ.

ಇನ್ನು, ಸ್ಕೂಲ್ ಬೋರ್ಡ್ ಸಭೆಗೆ ಯಾರು ಬೇಕಾದ್ರೂ ಹೋಗಬಹುದು.
ಬಜೆಟ್ ಚರ್ಚೆ ದಿನ ಹೋಗಿ ಕೂತ್ಕೊಳ್ಳಿ.
ಕತ್ತರಿ ಸಂಗೀತದ ಟೀಚರ್‌ಗೋ, ಬಸ್ ರೂಟಿಗೋ,
ಅಲ್ಲೇ ಗೊತ್ತಾಗುತ್ತೆ.